ತಿದ್ದಬೇಕಾದದ್ದು ಕೈಯನ್ನೋ, ಕಾಗದವನ್ನೋ? ಎಡಗೈಯವರ ಪ್ರಶ್ನೆಗಳಿಗೆ ಉತ್ತರ

ಆಗಸ್ಟ್ 13ನ್ನು ಜಗತ್ತಿನ ಹಲವು ಕಡೆ ಎಡಗೈಯವರ ದಿನವೆಂದು ಆಚರಿಸುತ್ತಾರೆ ಎಂದು ಈ ಅಂಕಣದಲ್ಲಿ ಹಿಂದೊಮ್ಮೆ ಒಂದು ಸಾಲು ಬರೆದಿದ್ದೆ. ಅದನ್ನೇ ನೆಪ ಮಾಡಿಕೊಂಡು ಎಡಚರೂ ಎಡಚರ ಮನೆಯವರೂ ಬರೆದ ಪತ್ರಗಳಿಂದ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ, ಎರಡನೇ ತರಗತಿಯಲ್ಲಿದ್ದಾಳೆ. ಮೊದಲಿನಿಂದಲೂ ಎಡಗೈಯಲ್ಲೇ ಬರೆಯುತ್ತಾಳೆ. ಅಕ್ಷರ ದುಂಡಗಿಲ್ಲ, ಪುಟವೆಲ್ಲ ಕರೆಯಾಗುತ್ತದೆ ಎಂದು ಶಾಲೆಯ ಶಿಕ್ಷಕಿ ಪೆನ್ಸಿಲನ್ನು ಬಲಗೈಗೆ ಹಿಡಿಸುತ್ತಿದ್ದಾರೆ. ಈಗಲೇ ತಿದ್ದದಿದ್ದರೆ ನಾಳೆ ಎಡಗೈಯಲ್ಲಿ ಬಡಿಸಿದಳು ಎಂಬ ಮಾತು ಕೇಳಬೇಕಾಗುತ್ತದೆ ಎಂಬುದು ನಮ್ಮ ಅತ್ತೆಯವರ ಚಿಂತೆ. ಕೈ ಬದಲಾಯಿಸಿದರೆ ಮಗು ತೊದಲುತ್ತದೆ ಎಂದು ನೆರೆಮನೆಯವರು ಹೆದರಿಸಿದ್ದಾರೆ. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಬರೆಯುವ ಕೈಯನ್ನು ಬದಲಾಯಿಸಬೇಡಿ. ಯಾವ ಕೈ ಮುಂದಾಗಬೇಕು ಎಂಬುದು ಮಗುವಿನ ಹಟವೂ ಅಲ್ಲ, ಕೆಟ್ಟ ಅಭ್ಯಾಸವೂ ಅಲ್ಲ. ತಾಯಿಯ ಹೊಟ್ಟೆಯಲ್ಲಿರುವ ಸುಮಾರು 15 ವಾರಗಳ ಭ್ರೂಣ ಯಾವ ಹೆಬ್ಬೆರಳನ್ನು ಹೆಚ್ಚಾಗಿ ಚೀಪುತ್ತದೆ ಎಂಬುದನ್ನು ಸ್ಕ್ಯಾನಿಂಗ್‌ನಲ್ಲಿ ನೋಡಿದವರು, ಕೈಯ ಒಲವು ಆಗಲೇ ಕಾಣಿಸಿಕೊಂಡಿರುತ್ತದೆ ಎಂದಿದ್ದಾರೆ. ಏಳನೆಯ ವರ್ಷಕ್ಕೆ ಅದು ಗಟ್ಟಿಯಾಗಿ ನೆಲೆಯೂರಿರುತ್ತದೆ. ತೊದಲಿನ ಮಾತು ಹಳೆಯದು. ಬ್ರಿಟನ್ನಿನ ದೊರೆ ಆರನೇ ಜಾರ್ಜ್ ಹುಟ್ಟು ಎಡಚರಾಗಿದ್ದು, ಬಾಲ್ಯದಲ್ಲಿ ಬಲವಂತದಿಂದ ಬಲಗೈಗೆ ತಿರುಗಿಸಲ್ಪಟ್ಟವರು ಮತ್ತು ತೊದಲುತ್ತಿದ್ದವರು ಎಂಬುದರಿಂದ ಅದಕ್ಕೆ ಹೆಚ್ಚಿನ ಪ್ರಚಾರ ಸಿಕ್ಕಿತು. ಒಂದರಿಂದಲೇ ಇನ್ನೊಂದು ಹುಟ್ಟುತ್ತದೆ ಎಂಬುದು ಸಾಬೀತಾಗಿಲ್ಲವಾದ್ದರಿಂದ ಆ ಹೆದರಿಕೆಯನ್ನು ಬಿಡಿ. ಕೈ ಬದಲಾಯಿಸಬಾರದು ಎನ್ನಲು ಅದಕ್ಕಿಂತ ಸರಳವಾದ ಕಾರಣವಿದೆ: ಬದಲಾಯಿಸಿದರೆ ಮಗುವಿನ ಗಮನವೆಲ್ಲ ಏನು ಬರೆಯಬೇಕೆಂಬುದನ್ನು ಬಿಟ್ಟು ಹೇಗೆ ಹಿಡಿಯಬೇಕೆಂಬುದರಲ್ಲೇ ಕರಗಿಹೋಗುತ್ತದೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಂದನೇ ತರಗತಿಯಲ್ಲಿ ನನ್ನ ಎಡಗೈ ಬೆರಳ ಗೆಣ್ಣಿನ ಮೇಲೆ ಅಡಿಪಟ್ಟಿಯ ಏಟು ಬೀಳುತ್ತಿತ್ತು. ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ‘ಅ’ ಮುಗಿದು ‘ಆ’ ಶುರುವಾಗುವಷ್ಟರಲ್ಲಿ ‘ಅ’ವನ್ನು ನನ್ನ ಅಂಗೈಯೇ ಒರೆಸಿಹಾಕಿರುತ್ತಿತ್ತು; ಬರೆದೇ ಇಲ್ಲವೆಂದು ಅದಕ್ಕೆ ಇನ್ನೊಂದು ಏಟು. ಇವತ್ತು ನಾನು ಬರೆಯುವುದು ಬಲಗೈಯಲ್ಲಿ. ಸೂಜಿ, ಸೌಟು, ಸುತ್ತಿಗೆ, ಪೊರಕೆ ಹಿಡಿಯುವುದು ಎಡಗೈಯಲ್ಲಿ. ನನ್ನ ಅಕ್ಷರ ಅಂದಿಗೂ ಚೆನ್ನಾಗಿರಲಿಲ್ಲ, ಇಂದಿಗೂ ಇಲ್ಲ.

ಪುಟ ಕರೆಯಾಗುವುದಕ್ಕೆ ಕಾರಣ ಮಗುವಿನ ಕೊಳಕಲ್ಲ, ಕನ್ನಡ ಎಡದಿಂದ ಬಲಕ್ಕೆ ಸಾಗುವ ಲಿಪಿ ಎಂಬುದು. ಬಲಗೈಯವರ ಕೈ ಬರಹದ ಮುಂದೆ ಮುಂದೆ ಹೋಗುತ್ತದೆ, ಎಡಗೈಯವರದು ಬರಹದ ಬೆನ್ನು ಹತ್ತಿ ಅದರ ಮೇಲೆಯೇ ಜಾರುತ್ತದೆ. ತಾನು ಬರೆದದ್ದು ತನಗೆ ಕಾಣಲೆಂದು ಮಗು ಮಣಿಕಟ್ಟನ್ನು ಕೊಕ್ಕೆಯಂತೆ ಬಗ್ಗಿಸಿ ಸಾಲಿನ ಮೇಲ್ಭಾಗದಿಂದ ಬರೆಯತೊಡಗುತ್ತದೆ. ಆಗ ಅಂಗೈ ಹಿಂದಿನ ಸಾಲಿನ ಒತ್ತಕ್ಷರಗಳನ್ನೆಲ್ಲ ಉಜ್ಜಿಹಾಕುತ್ತದೆ. ಜೊತೆಗೆ, ಬಲಗೈಯವರು ತಲೆಕಟ್ಟನ್ನು ಎಡದಿಂದ ಬಲಕ್ಕೆ ಎಳೆದರೆ ಎಡಗೈಯವರು ಅದನ್ನು ತಳ್ಳಬೇಕಾಗುತ್ತದೆ. ಹಾಗೆ ತಳ್ಳುವಾಗ ಚೂಪಾದ ಪೆನ್ಸಿಲಿನ ಮೊನೆ ಕಾಗದಕ್ಕೆ ಚುಚ್ಚಿಕೊಂಡು ಮುರಿಯುತ್ತದೆ.

ಇದಕ್ಕೆ ಮದ್ದು ಕಾಗದದಲ್ಲಿದೆ. ಪುಸ್ತಕವನ್ನು ಮಗುವಿನ ಎದೆಯ ನೇರಕ್ಕಿಡದೆ ತುಸು ಎಡಕ್ಕೆ ಸರಿಸಿ, ಅದರ ಎಡ ಮೇಲ್ತುದಿ ಬಲ ಮೇಲ್ತುದಿಗಿಂತ ಎತ್ತರದಲ್ಲಿರುವಂತೆ ಓರೆಯಾಗಿಡಿ. ಪೆನ್ಸಿಲನ್ನು ಮೊನೆಯಿಂದ ಸುಮಾರು 3 ಸೆಂಟಿಮೀಟರ್ ಮೇಲೆ ಹಿಡಿಯಲಿ. ಅಲ್ಲಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟರೆ ಗುರುತು ಸಿಗುತ್ತದೆ. ಕೈ ಸಾಲಿನ ಕೆಳಗೇ ಇರಲಿ, ಮಣಿಕಟ್ಟು ನೇರವಾಗಿರಲಿ. ಬೆಂಚಿನಲ್ಲಿ ಎಡತುದಿಯ ಜಾಗ ಕೇಳಿ ಪಡೆಯಿರಿ, ಇಲ್ಲದಿದ್ದರೆ ಪಕ್ಕದ ಮಗುವಿನ ಬಲ ಮೊಣಕೈಯೂ ನಿಮ್ಮ ಮಗಳ ಎಡ ಮೊಣಕೈಯೂ ದಿನವಿಡೀ ಜಗಳವಾಡುತ್ತವೆ. ಶಿಕ್ಷಕರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಕಾಪಿ ಹಾಳೆಗಳಲ್ಲಿ ಮಾದರಿ ಅಕ್ಷರವನ್ನು ಸಾಲಿನ ಎಡತುದಿಯಲ್ಲಿ ಅಚ್ಚು ಮಾಡಿರುತ್ತಾರೆ, ಎಡಗೈ ಮಗು ಬರೆಯಲು ಕೈಯಿಟ್ಟ ಕೂಡಲೇ ಆ ಮಾದರಿಯೇ ಮುಚ್ಚಿಹೋಗುತ್ತದೆ. ಅದೇ ಅಕ್ಷರವನ್ನು ಬಲತುದಿಯಲ್ಲೂ ಒಮ್ಮೆ ಬರೆದುಕೊಟ್ಟು ನೋಡಿ, ಅಕ್ಷರ ದುಂಡಗಾಗುವುದು ಒಂದು ತಿಂಗಳೊಳಗೇ ಕಾಣಬಹುದು.

ಶಿಕ್ಷಕಿಯೊಂದಿಗೆ ಇದನ್ನೆಲ್ಲ ಸಮಾಧಾನವಾಗಿ ಮಾತನಾಡಿ. ಮಾತು ಮೀರಿ ಏಟಿಗೋ ಅವಮಾನಕ್ಕೋ ಹೋದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ನಿಮ್ಮ ನೆನಪಿನಲ್ಲಿರಲಿ.

ಇನ್ನು ನಿಮ್ಮ ಅತ್ತೆಯವರ ಮಾತು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಪ್ರಸಾದ ಪಡೆಯುವುದು, ಅರಿಶಿನ ಕುಂಕುಮ ಕೊಡುವುದು, ಹಿರಿಯರ ಕೈಗೆ ಹಣ ಕೊಡುವುದು ಬಲಗೈಯಲ್ಲಿ ಎಂಬುದು ನಮ್ಮ ಕಡೆಯ ಮರ್ಯಾದೆ. ಚಪ್ಪಲಿ ಹೊರಗೆ ಬಿಡುವುದನ್ನು ಕಲಿಸುವ ಹಾಗೆ, ಗದರದೆ, ಇದನ್ನೂ ಕಲಿಸಬಹುದು. ಇಂಥ ಸಣ್ಣ ಕೆಲಸಗಳಲ್ಲಿ ಬಲಗೈ ಬಳಸುವುದು ಎಡಗೈ ಮಕ್ಕಳಿಗೆ ಕಷ್ಟವೇನಲ್ಲ. ಬರಹ, ಚಿತ್ರ, ಹೊಲಿಗೆಯಂಥ ಸೂಕ್ಷ್ಮ ಕೆಲಸಗಳಿಗೆ ಮಾತ್ರ ಆ ನಿಯಮವನ್ನು ಚಾಚಬೇಡಿ. ಬಡಿಸುವ ವಿಷಯದಲ್ಲಿ ಅತ್ತೆಯವರಿಗೆ ಒಂದನ್ನು ನೆನಪಿಸಿ: ಊಟದ ನಡುವೆ ಬಲಗೈ ಎಂಜಲಾಗಿರುವಾಗ ಸಾರಿನ ಸೌಟನ್ನು ನಾವೆಲ್ಲರೂ ಹಿಡಿಯುವುದು ಎಡಗೈಯಲ್ಲೇ, ಅದಕ್ಕೆ ಯಾರೂ ಹುಬ್ಬೇರಿಸಿದ್ದಿಲ್ಲ. ಅವರಿಗೆ ಶಾಸ್ತ್ರದ ಮಾತು ಹಿಡಿಸುವುದಾದರೆ ಇದನ್ನೂ ಹೇಳಬಹುದು. ಸಂಸ್ಕೃತದಲ್ಲಿ ‘ಸವ್ಯ’ ಎಂದರೆ ಎಡ. ಎಡಗೈಯಿಂದಲೂ ಬಾಣ ಬಿಡಬಲ್ಲವನಾದ್ದರಿಂದ ಅರ್ಜುನ ಸವ್ಯಸಾಚಿಯಾದ. ಶುಭಕಾರ್ಯಗಳಲ್ಲಿ ಜನಿವಾರ ಇರುವುದು ಎಡಹೆಗಲ ಮೇಲೆ; ಪಿತೃಕಾರ್ಯದಲ್ಲಿ ಅದನ್ನು ಬಲಹೆಗಲಿಗೆ ಹಾಕಿಕೊಂಡರೆ ಅದು ಅಪಸವ್ಯ. ನಾವು ಕನ್ನಡದಲ್ಲಿ ಎಡವಟ್ಟು ಎಂಬ ಅರ್ಥದಲ್ಲಿ ಬಳಸುವ ‘ಅಪಸವ್ಯ’ಕ್ಕೆ ಮೂಲದ ಅರ್ಥ ‘ಬಲಕ್ಕೆ’ ಎಂದು!

ಪ್ರಶ್ನೆ: ನಾನು ಬಿ.ಕಾಂ. ಓದುತ್ತಿದ್ದೇನೆ. ಕಾಲೇಜಿನ ಪರೀಕ್ಷಾ ಕೊಠಡಿಯಲ್ಲಿ ಬರೆಯುವ ಹಲಗೆ ಬಲಗಡೆಗೆ ಅಂಟಿಕೊಂಡಿರುವ ಕುರ್ಚಿಗಳೇ ಇವೆ. ಮೂರು ಗಂಟೆ ಸೊಂಟ ತಿರುಚಿಕೊಂಡು ಬರೆಯುತ್ತೇನೆ. ಪಕ್ಕದವನ ಉತ್ತರ ನೋಡುತ್ತಿದ್ದೀಯಾ ಎಂದು ಒಮ್ಮೆ ಕೊಠಡಿ ಮೇಲ್ವಿಚಾರಕರು ಎದ್ದು ನಿಲ್ಲಿಸಿದರು. ಕಂಪ್ಯೂಟರ್ ಲ್ಯಾಬಿನಲ್ಲೂ ಮೌಸ್ ಬಲಗಡೆಗೇ.
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹಲಗೆ ಎಡಗಡೆಗಿರುವ ಕುರ್ಚಿಗಳೂ ತಯಾರಾಗುತ್ತವೆ. ನೂರು ಜನರಲ್ಲಿ ಸುಮಾರು ಹತ್ತು ಜನ ಎಡಗೈಯವರಿರುತ್ತಾರಾದ್ದರಿಂದ, ಅರವತ್ತು ಜನ ಕೂರುವ ಕೊಠಡಿಯಲ್ಲಿ ಅಂಥ ಐದಾರು ಕುರ್ಚಿ ಇಡಿ ಎಂದು ಪ್ರಾಂಶುಪಾಲರಿಗೆ ಮನವಿ ಕೊಡುವುದು ಅತಿಯಾಸೆಯಲ್ಲ. ಮನವಿಗೆ ನಿಮ್ಮಂಥ ಇನ್ನಿಬ್ಬರ ಸಹಿಯನ್ನೂ ಹಾಕಿಸಿ. ಅದು ಆಗುವವರೆಗೆ ಪರೀಕ್ಷೆಗೆ ಹದಿನೈದು ನಿಮಿಷ ಮೊದಲೇ ಹೋಗಿ, ಸಾಧಾರಣ ಮೇಜೊಂದನ್ನು ಕೇಳಿ ಪಡೆಯಿರಿ. ನಾನು ಎಡಚ, ಈ ಕುರ್ಚಿಯಲ್ಲಿ ಕೂತರೆ ಬಲಕ್ಕೆ ತಿರುಗಿ ಬರೆಯಬೇಕಾಗುತ್ತದೆ ಎಂದು ಮೇಲ್ವಿಚಾರಕರಿಗೆ ಮೊದಲೇ ತಿಳಿಸಿದರೆ ಆ ಅನುಮಾನವೂ ತಪ್ಪುತ್ತದೆ. ಬೇಗ ಒಣಗದ ಜೆಲ್ ಪೆನ್ನು ನಿಮಗಲ್ಲ, ಬಾಲ್ ಪೆನ್ನೇ ವಾಸಿ. ಸ್ಪೈರಲ್ ನೋಟುಪುಸ್ತಕವನ್ನು ಕೊಳ್ಳುವುದಾದರೆ ತಂತಿ ಮೇಲ್ಗಡೆಗಿರುವುದನ್ನು ಕೊಳ್ಳಿ. ಮೌಸನ್ನು ಎಡಕ್ಕೆ ಸರಿಸಿ, ಸೆಟ್ಟಿಂಗ್ಸ್‌ನಲ್ಲಿ ಅದರ ಎರಡು ಗುಂಡಿಗಳನ್ನು ಅದಲುಬದಲು ಮಾಡಲು ಅರ್ಧ ನಿಮಿಷ ಸಾಕು. ಎದ್ದು ಹೋಗುವಾಗ ಮೊದಲಿನಂತೆ ಮಾಡಿಡಿ, ಇಲ್ಲದಿದ್ದರೆ ಮುಂದೆ ಕೂರುವ ಬಲಗೈಯವನು ಮೌಸ್ ಕೆಟ್ಟಿದೆ ಎಂದು ದೂರು ಕೊಡುತ್ತಾನೆ. ಕೆಲಸ ಸಿಕ್ಕಿ ಕಾರು ಕಲಿಯುವ ದಿನ ಬಂದಾಗ ನಮ್ಮ ದೇಶದ ಗೇರ್ ಹಿಡಿ ನಿಮ್ಮ ಒಳ್ಳೆಯ ಕೈಗೇ ಸಿಗುತ್ತದೆ.

ಪ್ರಶ್ನೆ: ನಮ್ಮ ವಂಶದಲ್ಲಿ ನನಗೆ ನೆನಪಿರುವಂತೆ ಯಾರೂ ಎಡಚರಿಲ್ಲ, ಬೀಗರ ಕಡೆಯಲ್ಲೂ ಇಲ್ಲವಂತೆ. ಮೊಮ್ಮಗ ಎಡಗೈಯಲ್ಲಿ ಬರೆಯುತ್ತಾನೆ, ಆದರೆ ಕ್ರಿಕೆಟ್ ಆಡುವಾಗ ಬಲಗೈ ಬ್ಯಾಟು. ಇದೇನು ಗೊಂದಲ?
— ಹಿರಿಯ ಓದುಗರು, ಶಿವಮೊಗ್ಗ

ಉತ್ತರ: ಗೊಂದಲವಿಲ್ಲ. ಎಡಗೈಯವರಲ್ಲಿ ಹೆಚ್ಚಿನವರು ಬಲಗೈ ತಂದೆತಾಯಿಗಳಿಗೇ ಹುಟ್ಟಿದವರು. ತಂದೆತಾಯಿ ಇಬ್ಬರೂ ಎಡಗೈಯವರಾಗಿದ್ದರೂ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಬಲಗೈಯವರೇ ಆಗುತ್ತಾರೆ. 2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ ಸುಮಾರು 4 ಲಕ್ಷ ಜನರ ವಂಶವಾಹಿಗಳ ಮಾಹಿತಿಯನ್ನು ಜಾಲಾಡಿ, ಎಡಗೈ ಒಲವಿಗೆ ಸಂಬಂಧಿಸಿದ ನಾಲ್ಕು ನೆಲೆಗಳನ್ನು ಗುರುತಿಸಿದರು. ಎಡಗೈಯನ್ನು ತರುವ ಒಂದೇ ಒಂದು ವಂಶವಾಹಿ ಎಂಬುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬರು ಎಡಚ, ಇನ್ನೊಬ್ಬರು ಬಲಗೈಯವರಾಗುವುದುಂಟು.

ಬ್ಯಾಟಿನ ವಿಷಯಕ್ಕೆ ಬಂದರೆ, ಅದನ್ನು ಹಿಡಿಯುವುದು ಎರಡೂ ಕೈಗಳಲ್ಲಿ. ಯಾವ ಕಡೆಗೆ ನಿಲ್ಲಬೇಕೆಂಬುದು ಎಷ್ಟೋ ಸಲ ಮೊದಲು ಆಡಲು ಕಲಿಸಿದವರನ್ನು ನೋಡಿ ಬಂದ ರೂಢಿ. ಬಲಗೈಯಲ್ಲಿ ಬ್ಯಾಟ್ ಮಾಡಿ ಬಲಗೈಯಲ್ಲೇ ಬೌಲ್ ಮಾಡಿದ ಸಚಿನ್ ತೆಂಡೂಲ್ಕರ್ ಬರೆಯುವುದು ಎಡಗೈಯಲ್ಲಿ. ಎಡಗೈ ಬ್ಯಾಟುಗಾರ ಸೌರವ್ ಗಂಗೂಲಿ ಬೌಲ್ ಮಾಡುತ್ತಿದ್ದದ್ದು ಬಲಗೈಯಲ್ಲಿ. ನಿಮ್ಮ ವಯಸ್ಸಿನವರಿಗೆ ಹಿಡಿಸಬಹುದಾದ ಇನ್ನೊಂದು ಉದಾಹರಣೆ ಕೊಡುತ್ತೇನೆ. 1909ರಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವಾಗ ಗಾಂಧೀಜಿಯವರು ಹಡಗಿನಲ್ಲಿ ಕೂತು ‘ಹಿಂದ್ ಸ್ವರಾಜ್’ ಬರೆದರು; ಬಲಗೈ ಸೋತಾಗ ಎಡಗೈಯಲ್ಲಿ ಬರೆದು ಮುಂದುವರಿಸಿದರು. ಹಸ್ತಪ್ರತಿಯ 275 ಪುಟಗಳಲ್ಲಿ ಸುಮಾರು 40 ಎಡಗೈ ಬರಹದವು.

ಪ್ರಶ್ನೆ: ಹತ್ತು ವರ್ಷದ ಮಗನನ್ನು ಮೃದಂಗಕ್ಕೆ ಸೇರಿಸಿದ್ದೇವೆ. ಅವನು ಎಡಚ. ಬಲಗೈಯಲ್ಲೇ ನುಡಿಸಲಿ, ಇಲ್ಲದಿದ್ದರೆ ವೇದಿಕೆಯಲ್ಲಿ ತೊಂದರೆ ಎನ್ನುತ್ತಾರೆ ಗುರುಗಳು. ಅವರ ಮಾತು ಸರಿಯೇ?
— ಒಬ್ಬ ತಂದೆ, ಮೈಸೂರು

ಉತ್ತರ: ಗುರುಗಳು ಹೇಳುವ ತೊಂದರೆ ನಿಜವಾದದ್ದೇ. ಸಂಗೀತ ಕಚೇರಿಯಲ್ಲಿ ಮೃದಂಗದವರು ಸಾಮಾನ್ಯವಾಗಿ ಗಾಯಕರ ಬಲಗಡೆ, ಪಿಟೀಲಿನವರು ಎಡಗಡೆ ಕೂರುತ್ತಾರೆ. ಆಗ ಮೃದಂಗದ ಕರಣೆ, ಅಂದರೆ ನಡುವಿನ ಕಪ್ಪು ಲೇಪ, ಇರುವ ಬಲಮುಖ ಸಭಿಕರತ್ತ ತಿರುಗಿರುತ್ತದೆ. ಎಡಗೈಯವರು ಅದೇ ಜಾಗದಲ್ಲಿ ಕೂತರೆ ಕರಣೆಯ ಮುಖ ಹಿಂಗೋಡೆಗೆ ತಿರುಗುತ್ತದೆ. ನಾದ ಸಭೆಗೆ ಮುಟ್ಟಬೇಕಾದರೆ ಪಿಟೀಲಿನವರೊಂದಿಗೆ ಜಾಗ ಬದಲಾಯಿಸಿಕೊಳ್ಳಬೇಕು, ಅದಕ್ಕೆ ಎಲ್ಲರೂ ಒಪ್ಪುವುದಿಲ್ಲ. ಹೆಸರಾಂತ ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಅವರ ಸಮಕಾಲೀನರಾಗಿ ಅವರ ಸಾಲಿನಲ್ಲೇ ಎಣಿಸಲ್ಪಟ್ಟ ಪಳನಿ ಸುಬ್ರಹ್ಮಣ್ಯ ಪಿಳ್ಳೈ ಎಡಗೈ ವಾದಕರಾಗಿದ್ದು, ಶುರುವಿನಲ್ಲಿ ಇದೇ ಕಾರಣಕ್ಕೆ ಅವಕಾಶಗಳಿಗೆ ಕಾಯಬೇಕಾಯಿತು. ಚೆಂಬೈ ವೈದ್ಯನಾಥ ಭಾಗವತರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದ್ದರಿಂದ ದಾರಿ ತೆರೆಯಿತು. ಮೃದಂಗವನ್ನು ತಿರುಗಿಸಿ ಇಟ್ಟುಕೊಂಡರೆ ಎಡಗೈಯವರ ಮೃದಂಗವಾಗುತ್ತದೆ, ಬೇರೆ ವಾದ್ಯ ಮಾಡಿಸಬೇಕಿಲ್ಲ. ಆದ್ದರಿಂದ ಮೊದಲ ಆರು ತಿಂಗಳು ಎರಡೂ ಬಗೆಯಲ್ಲಿ ನುಡಿಸಿ ನೋಡಲು ಗುರುಗಳನ್ನು ವಿನಂತಿಸಿ, ಬೆರಳು ಎತ್ತ ಹಗುರಾಗಿ ಓಡುತ್ತದೋ ಅತ್ತ ಅವನನ್ನು ಬಿಡಿ. ಇದೇ ಪ್ರಶ್ನೆಯನ್ನು ನೀವು ವೀಣೆಯ ಬಗ್ಗೆ ಕೇಳಿದ್ದರೆ ರೂಢಿಯಂತೆಯೇ ಕಲಿಯಲಿ ಎನ್ನುತ್ತಿದ್ದೆ, ಏಕೆಂದರೆ ತಂತಿಯನ್ನು ಎಳೆದು ಗಮಕ ಹುಟ್ಟಿಸುವ ಕೆಲಸ ಅಲ್ಲಿ ಎಡಗೈಯದೇ.

ಪ್ರಶ್ನೆ: ಹೊಲಿಗೆ ತರಬೇತಿಗೆ ಹೋಗುತ್ತಿದ್ದೇನೆ. ಎಡಗೈಯಲ್ಲಿ ಕತ್ತರಿಸಿದರೆ ಬಟ್ಟೆ ತುಂಡಾಗದೆ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ಸಾಣೆ ಹಿಡಿಸಿದರೂ ಅಷ್ಟೇ. ತಪ್ಪು ನನ್ನದೋ ಕತ್ತರಿಯದೋ?
— ಗೃಹಿಣಿ, ಹಾಸನ

ಉತ್ತರ: ಕತ್ತರಿಯದು. ಕತ್ತರಿ ಹರಿತವಾಗಿದ್ದರಷ್ಟೇ ಸಾಲದು, ಎರಡು ಅಲಗುಗಳು ಒಂದಕ್ಕೊಂದು ಒತ್ತಿಕೊಂಡು ಜಾರಬೇಕು. ಬಲಗೈಯಲ್ಲಿ ಹಿಡಿದಾಗ ಹೆಬ್ಬೆರಳು ಹೊರಗೆ ತಳ್ಳುವುದೂ ಉಳಿದ ಬೆರಳುಗಳು ಒಳಗೆ ಎಳೆಯುವುದೂ ಸೇರಿ ಅಲಗುಗಳನ್ನು ತಾವಾಗಿಯೇ ಒತ್ತುತ್ತವೆ. ಅದೇ ಕತ್ತರಿಯನ್ನು ಎಡಗೈಗೆ ತಂದರೆ ಅದೇ ಬಲ ಅಲಗುಗಳನ್ನು ಅಗಲಿಸುತ್ತದೆ. ಸೀಮೆಸುಣ್ಣದಲ್ಲಿ ಎಳೆದ ಗೆರೆಯೂ ಮೇಲಿನ ಅಲಗಿನ ಹಿಂದೆ ಅಡಗುತ್ತದೆ. ‘ಎರಡೂ ಕೈಗೆ’ ಎಂದು ಮಾರುವ ಕತ್ತರಿಗಳಲ್ಲಿ ಸಾಮಾನ್ಯವಾಗಿ ಹಿಡಿ ಮಾತ್ರ ಬದಲಾಗಿರುತ್ತದೆ, ಅಲಗಿನ ಜೋಡಣೆ ಬಲಗೈಯದೇ ಆಗಿರುತ್ತದೆ. ಕೊಳ್ಳುವಾಗ ತುದಿ ಮುಂದಕ್ಕಿರುವಂತೆ ಹಿಡಿದು ತೆರೆದು ನೋಡಿ: ಮೇಲಿರುವ ಅಲಗು ಎಡಗಡೆಗಿದ್ದರೆ ಅದು ನಿಮ್ಮದು. ಇಷ್ಟೆಲ್ಲ ಪಾಡಿಲ್ಲದ ಸಾಧನ ನಮ್ಮ ಹಳೆಯ ಅಡುಗೆಮನೆಯಲ್ಲೇ ಇದೆ. ಈಳಿಗೆಮಣೆಯಲ್ಲಿ ಅಲಗು ನಿಂತಲ್ಲೇ ನಿಂತು ಕಾಯಿಪಲ್ಲೆಯೇ ಕೈಯಲ್ಲಿ ಓಡಾಡುವುದರಿಂದ ಎಡಬಲದ ತಕರಾರೇ ಹುಟ್ಟುವುದಿಲ್ಲ.

ಎಡಗೈ ಕತ್ತರಿ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ತಂದ ದಿನವೇ ಅದರ ಹಿಡಿಗೆ ಒಂದು ಕೆಂಪು ದಾರ ಕಟ್ಟಿಡಿ. ಮನೆಯ ಬಲಗೈಯವರು ಅದನ್ನು ಎತ್ತಿಕೊಂಡು, ಬಟ್ಟೆ ಮಡಚಿಕೊಳ್ಳುವುದನ್ನು ಕಂಡು, ಮೊಂಡಾಗಿದೆ ಎಂದು ನಿಮಗೆ ಹೇಳದೆಯೇ ಸಾಣೆಯವನಿಗೆ ಕೊಟ್ಟುಬಿಡುತ್ತಾರೆ. ನಮ್ಮ ಮನೆಯಲ್ಲಿ ಎರಡು ಸಲ ಹಾಗಾಗಿದೆ.