ಅಜ್ಜ ಎಣಿಸುತ್ತಿದ್ದುದರಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ಅಜ್ಜನ ಬಗ್ಗೆ ಬರೆದು ಕಳಿಸಿದ ‘ಶತಾಯುಷಿ ವೀರಯೋಧನಿಗೆ ನುಡಿನಮನ’ ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾಲ್ಕನೇ ಪುಟದ ಕೊನೆಗೆ, ಕಂಸದೊಳಗೆ, ಸುಮ್ನೆ ನೆನಪಾಯಿತು ಅನ್ನುವ ಹಾಗೆ ಒಂದು ಮಾತು ಬರೆದಿದ್ದೀರಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜ ಮೊಮ್ಮಕ್ಕಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ನೆತ್ತಿ ಮುಟ್ಟಿ ‘ಉಣ್ಣೋ, ದೂಯೆ, ತ್ರೇ, ಕ್ವಾತ್ರೋ’ ಅನ್ನುತ್ತಿದ್ದರು. ‘ಉಣ್ಣೋ’ ಅಂದರೆ ಊಟಕ್ಕೆ ಕರೆಯುತ್ತಿದ್ದಾರೆ ಅಂತ ನೀವೆಲ್ಲ ತಿಳಿದಿದ್ದಿರಿ. ಒಬ್ಬ ಕಡಿಮೆ ಬಿದ್ದರೆ ಮತ್ತೆ ಮೊದಲಿನಿಂದ. ಹೊಲಕ್ಕೆ ಹೋದವನು ಬರುವ ತನಕ ಬುಟ್ಟಿಯ ರೊಟ್ಟಿಗೆ ಯಾರೂ ಕೈ ಹಾಕುವಂತಿರಲಿಲ್ಲ.

ಅದು ಇಟಾಲಿಯನ್. ಊನೊ, ದುಯೆ, ತ್ರೆ, ಕ್ವಾತ್ರೊ. ಒಂದು, ಎರಡು, ಮೂರು, ನಾಲ್ಕು. ಎರಡನೇ ಮಹಾಯುದ್ಧದಲ್ಲಿ ಅಜ್ಜ ಸೆರೆಯಲ್ಲಿದ್ದ ಇಟಲಿಯ ಶಿಬಿರದಲ್ಲಿ ಯುದ್ಧಕೈದಿಗಳನ್ನು ದಿನಾಲೂ ಸಾಲು ನಿಲ್ಲಿಸಿ ಎಣಿಸುತ್ತಿದ್ದರು, ಲೆಕ್ಕ ತಪ್ಪಿದರೆ ಮತ್ತೆ ಎಣಿಸುತ್ತಿದ್ದರು, ಚಳಿಯೋ ಮಳೆಯೋ, ಲೆಕ್ಕ ಕೂಡುವ ತನಕ ಯಾರೂ ಕದಲುವಂತಿರಲಿಲ್ಲ. ಇಪ್ಪತ್ತೊಂದರ ಹರೆಯದಲ್ಲಿ ಕಾವಲುಗಾರರ ಬಾಯಲ್ಲಿ ಕೇಳಿದ್ದನ್ನು ಅವರು ಎಂಬತ್ತು ದಾಟಿದ ಮೇಲೂ ಚಿಕ್ಕೋಡಿ ಕಡೆಯ ಒಂದು ಅಂಗಳದಲ್ಲಿ ಹೇಳುತ್ತಿದ್ದರು, ಅದೂ ಮಕ್ಕಳ ತಲೆ ಸವರುತ್ತ. ಇಲ್ಲಿಗೆ ಬಂದಾಗ ನಾನು ಹಾಳೆ ಕೆಳಗಿಟ್ಟೆ. ಇದನ್ನು ನೀವು ಕಂಸದೊಳಗೆ ಹಾಕಿದ್ದೀರಲ್ಲ!

ಮೊದಲ ಎರಡು ಪುಟ ತೆಗೆದುಬಿಡಿ. ಹಿಟ್ಲರ್ ಪೋಲೆಂಡಿಗೆ ನುಗ್ಗಿದ್ದು, ಚರ್ಚಿಲ್ ಹೇಳಿದ್ದು, ಇವೆಲ್ಲ ಶಾಲೆಯ ಪುಸ್ತಕದಲ್ಲಿ ಇವೆ. ಮನೆಯಲ್ಲಿ ‘ಅಜ್ಜಾ’ ಅಂತ ಕರೆದವರನ್ನು ಹಾಳೆಯ ಮೇಲೆ ‘ನನ್ನ ಪೂಜ್ಯ ಪಿತಾಮಹರು’ ಮಾಡಿದ್ದೀರಿ. ‘ಭಾರತಾಂಬೆಯ ಹೆಮ್ಮೆಯ ಪುತ್ರ’ ಆರು ಸಲ ಬಂದಿದೆ. ಈ ಮಾತುಗಳು ಯಾವ ಯೋಧನಿಗಾದರೂ ಹೊಂದುತ್ತವೆ, ಅದೇ ಅವುಗಳ ತೊಂದರೆ. ಉಣ್ಣೋ ಅಂತ ಎಣಿಸಿದ್ದು ನಿಮ್ಮ ಅಜ್ಜ ಒಬ್ಬರೇ.

ಈಗ ನನಗೆ ಜಾಸ್ತಿ ಕಾಡಿದ ವಿಷಯ. ಅಜ್ಜ ಸೆರೆ ಸಿಕ್ಕ ಟೋಬ್ರುಕ್ ಇಟಲಿಯಲ್ಲಿದೆ ಅಂತ ಬರೆದಿದ್ದೀರಿ. ಅಲ್ಲ, ಅದು ಲಿಬಿಯಾದ ಬಂದರು. ಅದು ಸಣ್ಣ ತಪ್ಪು, ತಿದ್ದಿದರಾಯಿತು. ಆದರೆ ಸೆರೆ ಸಿಕ್ಕಿದ್ದನ್ನು ‘ಕೊನೆಯ ಗುಂಡಿನವರೆಗೂ ಹೋರಾಡಿ, ಮೂರ್ಛೆ ಹೋದಾಗ ಶತ್ರುಗಳ ಕೈಗೆ ಸಿಕ್ಕರು’ ಅಂತ ಹೇಳಿದ್ದೀರಿ. ಮೊದಲ ಪುಟದಲ್ಲೋ, ಅಜ್ಜ ಆ ದಿನದ ಬಗ್ಗೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಈ ಮೂರ್ಛೆ ಎಲ್ಲಿಂದ ಬಂತು? ‘ಶರಣು’ ಅನ್ನುವ ಪದ ಬರೆಯಲು ನಿಮಗೆ ಕೈ ಬರಲಿಲ್ಲ ಅಂತ ನನಗೆ ಅನಿಸುತ್ತದೆ. ಅರ್ಥವಾಗುತ್ತದೆ. ಆದರೆ ಅಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅವರು ಎರಡನೇ ಬಟಾಲಿಯನ್ನಿನವರು ಅಂತ ತಿಳಿಸಿದ್ದೀರಿ, ಅಂದರೆ 2/5 ಮರಾಠಾ ಲೈಟ್ ಇನ್‌ಫಂಟ್ರಿ, ನಮ್ಮವರು ‘ಕಾಳಿ ಪಾಂಚ್ವಿ’ ಅನ್ನುವ ಪಲ್ಟಣ್. ಟೋಬ್ರುಕ್‌ನಲ್ಲಿ ಅದು 11ನೇ ಭಾರತೀಯ ಬ್ರಿಗೇಡಿನೊಳಗಿತ್ತು, ಗೂರ್ಖಾ ಮತ್ತು ಸ್ಕಾಟ್ಲೆಂಡಿನ ಪಲ್ಟಣ್‌ಗಳ ಜೊತೆ. 1942ರ ಜೂನ್ 20ರ ಬೆಳಿಗ್ಗೆ ಜರ್ಮನ್ ಸೇನಾಪತಿ ರೊಮ್ಮೆಲ್ ಇಡೀ ಟೋಬ್ರುಕ್ ಕೋಟೆಯಲ್ಲಿ ಆರಿಸಿಕೊಂಡಿದ್ದು ಈ ಬ್ರಿಗೇಡ್ ಕಾಯುತ್ತಿದ್ದ ಆಗ್ನೇಯ ಮೂಲೆಯನ್ನೇ. ಮೇಲಿಂದ ವಿಮಾನಗಳ ಬಾಂಬು, ಹಿಂದೆಯೇ ಟ್ಯಾಂಕು. ಆ ಪೆಟ್ಟು ಮೊದಲು ಬಿದ್ದಿದ್ದು ಮರಾಠಾ ಹುಡುಗರ ಮೇಲೆ. ಮರುದಿನ, 21ಕ್ಕೆ, ಕೋಟೆಯ ಹೊಣೆ ಹೊತ್ತಿದ್ದ ದಕ್ಷಿಣ ಆಫ್ರಿಕಾದ ಜನರಲ್ ಕ್ಲಾಪರ್ ಇಡೀ ಕೋಟೆಯನ್ನು ಒಪ್ಪಿಸಿಬಿಟ್ಟರು. ಸುಮಾರು 33 ಸಾವಿರ ಜನ ಕೈದಿಗಳಾದರು. ಇಷ್ಟನ್ನು ನೇರವಾಗಿ ಬರೆದರೆ ಸಾಕು. ಅಜ್ಜನಿಗೆ ಮೂರ್ಛೆ ಬರಿಸುವ ಅಗತ್ಯವೇ ಇಲ್ಲ.

ನೇತಾಜಿ ವಿಷಯ ಹೇಳಲು ನನಗೂ ಕಷ್ಟವಾಗುತ್ತದೆ. ಇಟಲಿ 1943ರ ಸೆಪ್ಟೆಂಬರಿನಲ್ಲಿ ಶರಣಾದ ಮೇಲೆ ಅಜ್ಜನನ್ನು ಗೂಡ್ಸ್ ರೈಲಿನಲ್ಲಿ ಜರ್ಮನಿಗೆ ಒಯ್ದರು, ಅಲ್ಲಿ ಸುಭಾಷ್‌ಚಂದ್ರ ಬೋಸರು ಅವರ ಬೆನ್ನು ತಟ್ಟಿದರು ಅಂತ ಬರೆದಿದ್ದೀರಿ. ಬೋಸರು ಅದೇ ವರ್ಷದ ಫೆಬ್ರುವರಿಯಲ್ಲೇ ಜಲಾಂತರ್ಗಾಮಿ ಹತ್ತಿ ಜರ್ಮನಿ ಬಿಟ್ಟಿದ್ದರು. ಉತ್ತರ ಆಫ್ರಿಕಾದಲ್ಲಿ ಸೆರೆ ಸಿಕ್ಕ ಭಾರತೀಯರನ್ನು ಸೇರಿಸಿ ಕಟ್ಟಿದ ಸೇನೆ ಜರ್ಮನರ ಜೊತೆ ಇತ್ತು, ಸುಮಾರು ಮೂರು ಸಾವಿರ ಜನರಿದ್ದದ್ದು. ಅಜ್ಜ ಆ ಸೇನೆಯವರ ಮಾತು ಕೇಳಿರಬಹುದು, ಅವರು ಬಾ ಅಂತ ಕರೆದಿರಲೂಬಹುದು. ಹೋಗಬೇಕೋ ಬೇಡವೋ ಅಂತ ಒಬ್ಬ ರೈತರ ಹುಡುಗ ಪರದೇಶದ ಬೇಲಿಯೊಳಗೆ ಕೂತು ಯೋಚಿಸಿದ್ದರೆ, ಬೆನ್ನು ತಟ್ಟಿಸಿಕೊಂಡಿದ್ದಕ್ಕಿಂತ ಅದು ಎಷ್ಟು ದೊಡ್ಡ ವಿಷಯ, ಅಲ್ವಾ? ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯಾ ಕೇಳಿ. ಗೊತ್ತಿಲ್ಲದಿದ್ದರೆ ಆ ಪ್ಯಾರಾ ಬಿಡಿ.

1940ರಲ್ಲಿ ‘ದೇಶಪ್ರೇಮದಿಂದ’ ಬೆಳಗಾವಿಗೆ ನಡೆದು ಬಂದು ಭರ್ತಿಯಾದರು ಅಂದಿದ್ದೀರಿ. ಹಾಕಿಕೊಂಡಿದ್ದು ಬ್ರಿಟಿಷ್ ರಾಜನ ಸಮವಸ್ತ್ರ. ಮಳೆ ಕೈಕೊಟ್ಟು ಹೊಟ್ಟೆಪಾಡಿಗೆ ಬಂದಿದ್ದರೆ ಹಾಗೇ ಬರೆಯಿರಿ, ಓದುವವರಿಗೆ ಅವರ ಮೇಲಿನ ಗೌರವ ಒಂದು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಇನ್ನು ಆ ‘ಬಂಗಾರದ ಪದಕ’. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಅದು ಬಂಗಾರವಲ್ಲ, ಆಫ್ರಿಕಾ ಸ್ಟಾರ್, ಕಂಚಿನ ಬಣ್ಣದ ಆರು ಮೂಲೆಯ ನಕ್ಷತ್ರ. ಪಟ್ಟಿಯ ಮರಳು ಬಣ್ಣ ಮರುಭೂಮಿಗೆ, ನಡುವಿನ ಕೆಂಪು ಗೆರೆ ಭೂಸೇನೆಗೆ, ಅಕ್ಕಪಕ್ಕದ ಕಡುನೀಲಿ, ತಿಳಿನೀಲಿ ಗೆರೆಗಳು ನೌಕಾಪಡೆಗೆ ಮತ್ತು ವಾಯುಪಡೆಗೆ. ಅದನ್ನು ತಿರುವಿ ಹಾಕಿ ನೋಡಿ. ಭಾರತದ ಸಿಪಾಯಿಗಳಿಗೆ ಕೊಟ್ಟವುಗಳ ಹಿಂದೆ ನಂಬರು, ಹೆಸರು ಕೊರೆದಿರುತ್ತಿದ್ದರು. ಸವೆದಿದ್ದರೂ ಬೆರಳಿಗೆ ಹತ್ತುತ್ತದೆ. ಆ ನಂಬರು ಬರೆದುಕೊಂಡು ಡಿಸ್ಚಾರ್ಜ್ ಪುಸ್ತಕದ ಜೊತೆ ತಾಳೆ ನೋಡಿ, ಆಮೇಲೆ ಇಲ್ಲಿ ಬೆಳಗಾವಿಯ ಮರಾಠಾ ಸೆಂಟರಿನ ರೆಕಾರ್ಡ್ ಆಫೀಸಿಗೆ ಅರ್ಜಿ ಕೊಡಿ. ಅಜ್ಜ ತರಬೇತಿ ಪಡೆದಿದ್ದೂ ಇಲ್ಲೇ, ಸೆಂಟರು 1922ರಿಂದ ಈ ಊರಲ್ಲೇ ಇದೆ.

ಒಂದು ಲೆಕ್ಕ ಮಾಡಿದೆ. ಸೆರೆಯಲ್ಲಿದ್ದದ್ದು ಮೂರು ವರ್ಷದೊಳಗೆ. 1945ರಲ್ಲಿ ಬಿಡುಗಡೆಯಾಗಿ 2023ರಲ್ಲಿ ತೀರಿಕೊಂಡರು ಅಂದರೆ ಆಮೇಲೆ ಬದುಕಿದ್ದು 78 ವರ್ಷ. ಅದಕ್ಕೆ ನೀವು ಕೊಟ್ಟಿದ್ದು ಮೂರೇ ಸಾಲು: ಮದುವೆಯಾದರು, ತಂಬಾಕು ಬೆಳೆದರು, ಸಾತ್ವಿಕ ಬದುಕು ಬಾಳಿದರು. ನಿಪ್ಪಾಣಿ ಪೇಟೆಗೆ ಗಾಡಿ ಕಟ್ಟುವಾಗ ಚೀಲಗಳನ್ನು ಯಾವ ಭಾಷೆಯಲ್ಲಿ ಎಣಿಸುತ್ತಿದ್ದರು? ಕದ ಹಾಕಿ ಮಲಗುತ್ತಿದ್ದರಾ, ತೆರೆದಿಡುತ್ತಿದ್ದರಾ? ನಿಮ್ಮ ದೊಡ್ಡ ಅತ್ತೆಗೆ ಎಂಬತ್ತರ ಹತ್ತಿರ ಅಂದಿದ್ದೀರಿ. ನಾಳೆಯೇ ಅವರ ಹತ್ತಿರ ಹೋಗಿ ಕೂಡಿ. ಮಗ ಕಾಣೆಯಾಗಿದ್ದಾನೆ ಅನ್ನುವ ಸುದ್ದಿ ಬಂದಾಗ ಮನೆಯಲ್ಲಿ ಏನಾಯಿತು ಅಂತ ಅವರು ತಮ್ಮ ಅಜ್ಜಿಯ ಬಾಯಲ್ಲಿ ಕೇಳಿರುತ್ತಾರೆ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ, ಶುದ್ಧ ಮಾಡಲು ಹೋಗಬೇಡಿ.

ಸಾವಿರ ಪದದೊಳಗೆ ಮತ್ತೆ ಕಳಿಸಿ. ಅವಸರ ಮಾಡಬೇಡಿ, ನಾನು ಜಾಗ ಇಟ್ಟಿರುತ್ತೇನೆ.

ಇನ್ನೊಂದು ಬಿಟ್ಟಿದ್ದೀರಿ. ಆ ಸಾಲಿನಲ್ಲಿ ನೀವು ಎಷ್ಟನೆಯವರಾಗಿ ನಿಲ್ಲುತ್ತಿದ್ದಿರಿ ಅಂತ ಬರೆದಿಲ್ಲ. ನಾಲ್ಕರ ನಂತರ ಚಿಂಕ್ವೆ, ಸೇಯಿ, ಸೆತ್ತೆ. ನಿಮ್ಮ ನೆತ್ತಿ ಮುಟ್ಟಿದಾಗ ಅಜ್ಜ ಏನನ್ನುತ್ತಿದ್ದರು?