ಅಂಕಿತ ಬಿದ್ದರೂ ಜಾರಿಯಾಗದ ಕಾಯ್ದೆ

ರಾಷ್ಟ್ರಪತಿಗಳ ಅಂಕಿತ ಬಿದ್ದ ಕಾಯ್ದೆಯನ್ನು ಸರ್ಕಾರ ಜಾರಿಗೆ ತರದಿದ್ದರೆ ಕೋರ್ಟಿಗೆ ಹೋಗಬಹುದೇ ಎಂದು ಕೇಳಿದ್ದೀರಿ. ಹೋಗಬಹುದು ಸಾರ್, ಆದರೆ ಜಾಸ್ತಿ ನಿರೀಕ್ಷೆ ಬೇಡ. ಮೊದಲು ಕಾಯ್ದೆಯ ಒಂದನೇ ಸೆಕ್ಷನ್ ನೋಡಿ. ‘ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನದಂದು ಜಾರಿಗೆ ಬರತಕ್ಕದ್ದು’ ಎಂದಿದ್ದರೆ ಬೀಗದಕೈ ಸರ್ಕಾರದ ಹತ್ತಿರವೇ.

ಒಂದು ಉದಾಹರಣೆ ನೋಡಿ. ವಕೀಲರ ಕಾಯ್ದೆ 1961ರದ್ದು. ಅದರ 30ನೇ ಸೆಕ್ಷನ್, ಅಂದರೆ ಎಲ್ಲ ಕೋರ್ಟುಗಳಲ್ಲೂ ವಕಾಲತ್ತು ಮಾಡುವ ಹಕ್ಕು, ಜಾರಿಯಾಗದೆ ಹಾಗೇ ಕೂತಿತ್ತು. 1988ರಲ್ಲಿ ಸುಪ್ರೀಂ ಕೋರ್ಟ್ ‘ಜಾರಿ ಮಾಡಿ’ ಅನ್ನಲಿಲ್ಲ. ಮಾಡಬೇಕೋ ಬೇಡವೋ ಎಂದು ಆರು ತಿಂಗಳೊಳಗೆ ಪರಿಶೀಲಿಸಿ ಎಂದಷ್ಟೇ ಹೇಳಿತು. ಜಾರಿಯಾದದ್ದು 2011ರ ಜೂನ್‌ನಲ್ಲಿ. ವಕೀಲರದ್ದೇ ಈ ಗತಿ! 1995ರ ದೆಹಲಿ ಬಾಡಿಗೆ ಕಾಯ್ದೆಗಂತೂ ಆ ದಿನವೇ ಬರಲಿಲ್ಲ.

ರಿಟ್ (ಸರ್ಕಾರಕ್ಕೆ ನಿರ್ದೇಶನ ಕೊಡಿ ಎಂದು ಕೋರ್ಟಿಗೆ ಸಲ್ಲಿಸುವ ಅರ್ಜಿ) ಹಾಕುವುದಾದರೆ ‘ಪರಿಶೀಲಿಸಲು ನಿರ್ದೇಶಿಸಿ’ ಎಂದೇ ಕೇಳಿಕೊಳ್ಳಿ. ಅದಕ್ಕೂ ಮುಂಚೆ ಆರ್‌ಟಿಐ ಹಾಕಿ ಕಡತ ಎಲ್ಲಿ ನಿಂತಿದೆ ಎಂದು ತಿಳಿದುಕೊಳ್ಳಿ.