ಸಂಪಾದಕರ ಉತ್ತರ: ಪೆಟ್ಟಿಗೆಗೆ ಕಿವಿ ಇದೆಯೇ?

ಪೆರ್ಲದ ಮಾಷ್ಟ್ರಿಗೆ ನಮಸ್ಕಾರ.

ಆರ್ಕೆಸ್ಟ್ರಾದ ಜೊತೆ ಇಲೆಕ್ಟ್ರಾನಿಕ್ ಸದ್ದು ಬೆರೆಸುವ ಪಾಶ್ಚಾತ್ಯ ಸಂಗೀತದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದದ್ದು ನಿಮಗೆ ಹಿಡಿಸಲಿಲ್ಲ. "ಯಂತ್ರದ ಗಲಾಟೆಯನ್ನು ಶಾಸ್ತ್ರೀಯ ಅನ್ನುವುದು ಹೇಗೆ?" ಎಂದು ಕೇಳಿದ್ದೀರಿ. ಯಕ್ಷಗಾನದ ಭಾಗವತರ ಪಕ್ಕ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದಂದೇ ಎಲ್ಲ ಕೆಟ್ಟಿತು ಎಂದೂ ಸೇರಿಸಿದ್ದೀರಿ.

ಆ ಪೆಟ್ಟಿಗೆಯಿಂದಲೇ ಶುರು ಮಾಡುತ್ತೇನೆ. ಬದಿಯಡ್ಕದ ಹತ್ತಿರ ಒಂದು ತಾಳಮದ್ದಳೆ. ಪದ್ಯದ ನಡುವೆ ಕರೆಂಟು ಹೋಯಿತು. ಮೈಕು ಸತ್ತಿತು, ಪೆಟ್ಟಿಗೆಯೂ ಸುಮ್ಮನಾಯಿತು. ಭಾಗವತರು ನಿಲ್ಲಿಸಲಿಲ್ಲ. ಮದ್ದಳೆಯತ್ತ ಸ್ವಲ್ಪ ವಾಲಿ, ಅದರ ನಾದವನ್ನೇ ಹಿಡಿದು ಹಾಡಿದರು. ಕರೆಂಟು ಬಂದು ಪೆಟ್ಟಿಗೆ ಮತ್ತೆ ಗುಂಯ್ ಎಂದಾಗ ಶ್ರುತಿ ಎಳ್ಳಷ್ಟೂ ಜಾರಿರಲಿಲ್ಲ. ಪೆಟ್ಟಿಗೆ ಅವರನ್ನು ಕೆಡಿಸಿರಲಿಲ್ಲ, ಅಲ್ವಾ? ಆದರೆ ಒಂದು ಮಾತು ನಿಮ್ಮ ಪರವಾಗಿ: ಪೆಟ್ಟಿಗೆಗೆ ಕಿವಿ ಇಲ್ಲ. ಮದ್ದಳೆಯವರಿಗೆ ಇದೆ.

ಯುರೋಪಿನಲ್ಲೂ ಇದೇ ತಕರಾರು. 1954ರಲ್ಲಿ ಪ್ಯಾರಿಸ್ಸಿನಲ್ಲಿ ಸಂಗೀತ ರಚನಕಾರ ಎಡ್ಗಾರ್ ವರೇಸ್ ಅವರ 'ಡೆಸೆರ್' ಎಂಬ ಕೃತಿ ನುಡಿಸಿದಾಗ, ವಾದ್ಯಗಳ ನಡುನಡುವೆ ಮೊದಲೇ ಮುದ್ರಿಸಿಟ್ಟ ಟೇಪಿನಿಂದ ಕಾರ್ಖಾನೆಯ ಸದ್ದು ಬಂತು. ಸಭೆಯಲ್ಲಿ ಕೂಗಾಟವೆದ್ದಿತು. ಅಲ್ಲಿ ಟೇಪು, ವಾದ್ಯ ಸರದಿಯಲ್ಲಿ ಬರುತ್ತಿದ್ದವು. ಒಟ್ಟಿಗೆ ನುಡಿಸಬೇಕಾದ ಕಡೆ ಕಷ್ಟ ಇನ್ನೂ ಜಾಸ್ತಿ. ಟೇಪು ಯಾರಿಗೂ ಕಾಯುವುದಿಲ್ಲ. ವೇಷದ ಹೆಜ್ಜೆ ನೋಡದೆ ಬಾರಿಸುವ ಚೆಂಡೆಯವನನ್ನು ನೆನೆಸಿಕೊಳ್ಳಿ.

ಫ್ರೆಂಚ್ ರಚನಕಾರ ಪಿಯರ್ ಬುಲೆಜ್ ಅವರ 'ರೆಪೊಂ' ಎಂಬ ಕೃತಿ (1981) ಇಷ್ಟವಾಗುವುದು ಇದಕ್ಕೇ. 24 ವಾದಕರು ನಡುವೆ, ಸುತ್ತ ಕೇಳುಗರು, ಅವರ ಬೆನ್ನಿಗೆ ಬೇರೆ ಬೇರೆ ಕಡೆ ಆರು ಜನ ವಾದಕರು. ಆ ಆರು ಜನರ ಪಿಯಾನೊ, ಹಾರ್ಪು ಮೊದಲಾದ ವಾದ್ಯಗಳ ಸ್ವರವನ್ನು ಮೈಕು ಹಿಡಿಯುತ್ತದೆ. ಕಂಪ್ಯೂಟರು ಅದನ್ನು ಆಗಿಂದಾಗಲೇ ಬದಲಿಸಿ ಸ್ಪೀಕರುಗಳಲ್ಲಿ ಸುತ್ತಿಸುತ್ತದೆ. ಅವರು ಮೀಟದಿದ್ದರೆ ಅವರ ಯಂತ್ರಕ್ಕೆ ಆಡಲು ಮಾತಿಲ್ಲ.

ಎಲ್ಲರೂ ಹೀಗೆ ಮಾಡುತ್ತಾರೆ ಎನ್ನಲಾರೆ. ಎಷ್ಟೋ ಕಡೆ ಸುಮ್ನೆ ಪ್ರತಿಧ್ವನಿ ಸುರಿದಿರುತ್ತಾರೆ. ನಮ್ಮ ಆಟಗಳಲ್ಲೂ ಮೈಕಿಗೆ ಎಕೋ ಕೊಟ್ಟು ಪದ್ಯದ ಸಾಹಿತ್ಯವನ್ನೇ ನುಂಗುವವರಿದ್ದಾರೆ. ಅವರ ಮೇಲಿನ ನಿಮ್ಮ ಸಿಟ್ಟಿಗೆ ನನ್ನದೂ ಸೇರಿಸಿಕೊಳ್ಳಿ.

ಇನ್ನು 'ಶಾಸ್ತ್ರೀಯ' ಅನ್ನುವುದು ಹೇಗೆ ಎಂಬ ನಿಮ್ಮ ಪ್ರಶ್ನೆ. ಫ್ರೆಂಚ್ ರಚನಕಾರ ಒಲಿವಿಯೇ ಮೆಸ್ಸಿಯಾನ್ ಲಯದ ಪಾಠ ಕಲಿತದ್ದು ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಸಂಗೀತಶಾಸ್ತ್ರಜ್ಞ ಶಾರ್ಙ್ಗದೇವನ ತಾಳಗಳ ಪಟ್ಟಿಯಿಂದ. 1949ರಲ್ಲಿ ಬಾಸ್ಟನ್ನಿನಲ್ಲಿ ಮೊದಲು ನುಡಿಸಿದ ಅವರ ಸಿಂಫನಿಯ ಹೆಸರು 'ತುರಂಗಲೀಲಾ'. ಅದರ ಆರ್ಕೆಸ್ಟ್ರಾದ ಜೊತೆ ಕೂತದ್ದು ಓಂದ್ ಮಾರ್ತೆನೊ ಎಂಬ ಕರೆಂಟಿನ ವಾದ್ಯ.

ಕಾಸರಗೋಡಿಗೆ ಬಂದಾಗ ನಮ್ಮ ಆಫೀಸಿಗೆ ಬನ್ನಿ ಮಾಷ್ಟ್ರೇ, 'ರೆಪೊಂ' ಹಾಕುತ್ತೇನೆ. ನನ್ನ ಎರಡು ಸ್ಪೀಕರಿನಲ್ಲಿ ಆ ಸುತ್ತಾಟವೆಲ್ಲ ಸಿಗದು. ಮೊದಲ ಕೆಲವು ನಿಮಿಷ ಬರೀ ನಡುವಿನ ತಂಡದ್ದು. ಆಮೇಲೆ ಆರೂ ಜನ ಒಟ್ಟಿಗೆ ಮೀಟುತ್ತಾರೆ. ಅಲ್ಲಿಯವರೆಗೆ ಏಳಬಾರದು, ಅಷ್ಟೆ.

— ಸಂ.